ಅಸುಗೆಯ ಬೀಜ ಮುಂದಿನ ವನಮಹೋತ್ಸವಕ್ಕೆ ಕಾಯುವುದಿಲ್ಲ

ಮಾನ್ಯ ಅಧ್ಯಕ್ಷರೇ, ವೃಕ್ಷಪ್ರಿಯರೇ,

1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವದ ಸಡಗರದಲ್ಲಿ ನಾವಿಂದು ಸೇರಿದ್ದೇವೆ. ಈ ಸಭಾಂಗಣದ ಹೊರಗೆ ಕಂಬಗಳಂತೆ ಸಾಲಾಗಿ ನಿಂತಿರುವ ಮರಗಳು ಅಶೋಕವಲ್ಲ ಎಂಬ ಮಾತಿನಿಂದಲೇ ಆರಂಭಿಸಿದರೆ ಸಂಘಟಕರು ಬೇಸರಿಸಬಾರದು. ಅವು ಸೀತಾಫಲದ ಕುಟುಂಬದ ಪಾಲಿಯಾಲ್ಥಿಯಾ. ಹಳಗನ್ನಡದವರು ಅಸುಗೆ ಎಂದು ಕರೆದ ನಿಜವಾದ ಅಶೋಕ, ಅಂದರೆ ಸರಾಕಾ ಅಸೋಕ, ಹುಣಸೆಯ ಬಳಗಕ್ಕೆ ಸೇರಿದ್ದು. ಅದರ ಹೂವಿಗೆ ದಳಗಳೇ ಇಲ್ಲ. ನಾವು ದಳವೆಂದು ಮೆಚ್ಚುವುದು ಕಿತ್ತಳೆ ಬಣ್ಣದಲ್ಲಿ ಅರಳಿ, ಬರಬರುತ್ತ ಕೆಂಪೇರುವ ಪುಷ್ಪಪತ್ರಗಳನ್ನು, ಅಂದರೆ ಬೇರೆ ಹೂಗಳಲ್ಲಿ ದಳಗಳ ಹೊರಗೆ ಸಾಮಾನ್ಯವಾಗಿ ಹಸಿರಾಗಿರುವ ಸುತ್ತನ್ನು.

ಸುಂದರಿಯ ಕಾಲು ತಗುಲಿದರೆ ಅಶೋಕ ಹೂಬಿಡುತ್ತದೆಂಬ ಕವಿಸಮಯವನ್ನು ನೀವೆಲ್ಲ ಬಲ್ಲಿರಿ. ನಮ್ಮ ಕಾಲದಲ್ಲಿ ಅದಕ್ಕೆ ಹೆಚ್ಚಾಗಿ ತಗುಲುತ್ತಿರುವುದು ಕತ್ತಿ. ಅಶೋಕಾರಿಷ್ಟವೆಂಬ ಆಯುರ್ವೇದ ಔಷಧಕ್ಕೆ ಬೇಕಾದ ತೊಗಟೆಯನ್ನು ಕಾಂಡದ ಸುತ್ತಲೂ ಸುಲಿದಾಗ, ಎಲೆಯಲ್ಲಿ ತಯಾರಾದ ಆಹಾರ ಬೇರಿಗಿಳಿಯುವ ದಾರಿಯೇ ಕಡಿದುಹೋಗಿ ಮರ ಸಾಯುತ್ತದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪುಪಟ್ಟಿಯಲ್ಲಿ ಈ ಮರದ ಹೆಸರು ಸೇರಿರುವುದಕ್ಕೆ ಇದೂ ಒಂದು ಕಾರಣ. ತೊಗಟೆ ಸಿಗದಾದಾಗ ವ್ಯಾಪಾರಿಗಳು ಬೆರೆಸುವುದು ಹೊರಗೆ ನಿಂತಿರುವ ಅದೇ ಕಂಬದ ಮರದ ತೊಗಟೆಯನ್ನು. ಹೆಸರು ಕದ್ದ ಮರವೇ ಔಷಧದೊಳಕ್ಕೂ ನುಸುಳಿದೆ.

ಇನ್ನು ಬೆಳೆಸುವ ವಿಚಾರ. ಇಲ್ಲಿ ನನ್ನದೊಂದು ದಡ್ಡತನವನ್ನು ಹೇಳಲೇಬೇಕು. ಬಹಳ ಹಿಂದೆ, ನಮ್ಮೂರ ಹಳ್ಳದ ದಡದ ಮರದಡಿಯಲ್ಲಿ ಬಿದ್ದಿದ್ದ ಬೀಜಗಳನ್ನು ಒಂದು ಬುಟ್ಟಿ ಆರಿಸಿ ತಂದು, ಬಿತ್ತನೆಯ ಭತ್ತದಂತೆ ನಾಲ್ಕು ದಿನ ಅಂಗಳದಲ್ಲಿ ಒಣಗಿಸಿ, ಬೂದಿ ಬೆರೆಸಿ, ಬಿಸ್ಕತ್ತಿನ ಡಬ್ಬಿಯಲ್ಲಿ ಮುಂದಿನ ವರ್ಷದ ವನಮಹೋತ್ಸವಕ್ಕೆಂದು ಭದ್ರವಾಗಿ ಮುಚ್ಚಿಟ್ಟೆ. ಮರುವರ್ಷ ಮುನ್ನೂರು ಚೀಲಗಳಿಗೆ ಮಣ್ಣು ತುಂಬಿ ಬಿತ್ತಿದೆ. ಎರಡು ತಿಂಗಳು ಕಾದು, ತಾಳ್ಮೆಗೆಟ್ಟು ಮಣ್ಣು ಕೆದಕಿದರೆ ಒಳಗೆ ಕಪ್ಪು ಹುಡಿ. ನೋಡುತ್ತಿದ್ದ ತಾಯಿ, "ಹಲಸಿನ ಬೀಜವನ್ನು ಯಾರಾದರೂ ಮುಂದಿನ ವರ್ಷ ಬಿತ್ತುವುದಕ್ಕೆ ಒಣಗಿಸಿ ಇಡುತ್ತಾರೇನೋ?" ಎಂದಷ್ಟೇ ಕೇಳಿದರು. ಹಿಂದಿನ ವರ್ಷ ನನ್ನ ಬುಟ್ಟಿಯಿಂದ ಜಾರಿ ಬಚ್ಚಲ ಮೋರಿಯ ಬದಿಗೆ ಉರುಳಿದ್ದ ಎರಡು ಬೀಜಗಳು ಅಷ್ಟರಲ್ಲಿ ಗೇಣುದ್ದ ಬೆಳೆದಿದ್ದವು. ಅವುಗಳಲ್ಲೊಂದು ಇಂದಿಗೂ ಹೂಬಿಡುತ್ತಿದೆ. ನನ್ನ ಮುನ್ನೂರು ಚೀಲಗಳ ಲೆಕ್ಕ ಮಾತ್ರ ಮನೆಯವರ ಬಾಯಲ್ಲಿ ಉಳಿದಿದೆ.

ಆದ್ದರಿಂದಲೇ ನಾನು ಹೋದಲ್ಲೆಲ್ಲ ಹಲಸಿನ ಬೀಜದ ಮಾತನ್ನು ಎತ್ತುತ್ತೇನೆ. ಅಶೋಕದ ಬೀಜ ತನ್ನ ತೇವವನ್ನು ಕಳೆದುಕೊಂಡರೆ ಜೀವವನ್ನೂ ಕಳೆದುಕೊಳ್ಳುತ್ತದೆ. ಕಾಯಿ ಒಡೆದ ವಾರದಲ್ಲೇ ಅದು ಮಣ್ಣು ಸೇರಬೇಕು. ನಮ್ಮ ಸಸಿ ನೆಡುವ ಕಾರ್ಯಕ್ರಮಗಳಾದರೋ ಅನುದಾನದ ತಾರೀಕನ್ನು ನೋಡಿ ನಡೆಯುತ್ತವೆ. ಮರಳು, ಮಣ್ಣು, ಹಳೆಯ ಸೆಗಣಿಗೊಬ್ಬರ ಬೆರೆಸಿದ ಚೀಲದಲ್ಲಿ ಬೀಜವನ್ನು ಮೇಲುಮೇಲೆ ಊರಿ, ನೆರಳಿನಲ್ಲಿಟ್ಟು, ನೀರು ನಿಲ್ಲದಂತೆ ತೇವ ಕಾಯ್ದರೆ ಸಾಕು. ಮೊಳೆತ ಮೇಲೆ ಎಳೆಯ ಎಲೆಗಳು ತಾಮ್ರವರ್ಣದಲ್ಲಿ ಜೋತುಬೀಳುವುದನ್ನು ಕಂಡು ಸಸಿ ಬಾಡಿತೆಂದು ಯಾರೂ ಗಾಬರಿಪಡಬೇಕಾಗಿಲ್ಲ; ಅದರ ಚಿಗುರಿನ ಸ್ವಭಾವವೇ ಹಾಗೆ.

ತೊಗಟೆಯನ್ನು ಮರ ಸಾಯದಂತೆ ತೆಗೆಯುವ ಕ್ರಮ, ಪಾತರಗಿತ್ತಿಗಳಿಗೂ ಈ ಹೂವಿಗೂ ಇರುವ ನಂಟು, ಇವೆರಡೂ ನನ್ನ ಚೀಟಿಯಲ್ಲಿದ್ದವು. ಅಧ್ಯಕ್ಷರು ಎರಡನೆಯ ಬಾರಿ ಗಡಿಯಾರ ನೋಡಿದ್ದರಿಂದ ಚೀಟಿಯನ್ನು ಮಡಚುತ್ತೇನೆ. ಬಾಗಿಲ ಬಳಿ ನಲವತ್ತು ಅಶೋಕದ ಸಸಿಗಳಿವೆ. ಅಡಿಕೆ ತೋಟದ ಅಂಚಿನಲ್ಲೋ ಹಳ್ಳದ ದಡದಲ್ಲೋ ನೆರಳೂ ತೇವವೂ ಇರುವ ಜಾಗವುಳ್ಳವರು ದಯವಿಟ್ಟು ಒಂದೊಂದನ್ನು ಒಯ್ಯಿರಿ; ಕಾಂಪೌಂಡಿನ ಉದ್ದಕ್ಕೂ ನೆಟ್ಟಗೆ ಸಾಲು ಬೇಕೆನ್ನುವವರಿಗೆ ನರ್ಸರಿಯಲ್ಲಿ ಕಂಬದ ಮರ ಬೇಕಾದಷ್ಟು ಸಿಗುತ್ತದೆ.