ಬೋಲ್ಟು ಸಮೇತ ಬಿಚ್ಚಿ

ಕೇಳುಗರಿಗೆ ನಮಸ್ಕಾರ. ನಿಮ್ಮ ಮನೆ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದುಕೊಂಡು ಒಂದು ಪ್ರೀಮಿಯರ್ ಪದ್ಮಿನಿ ನಿಂತಿದೆಯೇ? ಹಾಗಿದ್ದರೆ ಈ ಹತ್ತು ನಿಮಿಷ ನಿಮಗಾಗಿಯೇ. ನಮ್ಮ ಕಡೆ ಅದನ್ನು ಪದ್ಮಿನಿ ಎನ್ನುವವರಿಗಿಂತ ಫಿಯಟ್ ಎನ್ನುವವರೇ ಹೆಚ್ಚು. ಅದು ತಪ್ಪೂ ಅಲ್ಲ. ಇಟಲಿಯ ಫಿಯಟ್ 1100 ಡಿ ಗಾಡಿಯೇ ಮುಂಬೈನ ಕುರ್ಲಾ ಕಾರ್ಖಾನೆಯಿಂದ ಪದ್ಮಿನಿ ಎಂಬ ಹೆಸರಿನಲ್ಲಿ ಹೊರಬರುತ್ತಿತ್ತು. ಎಂಜಿನ್ ಇವತ್ತಿಗೂ ಓಡುತ್ತದೆ. ಸೋತಿರುವುದು ಒಳಗಿನ ಸೀಟು. ಉದ್ದ ಬೆಂಚಿನ ಸ್ಪ್ರಿಂಗು ಬೆನ್ನಿಗೆ ಚುಚ್ಚುತ್ತದೆ, ಬಾಗಿಲ ಒಳಬದಿಯ ಡೋರ್ ಪ್ಯಾಡು ನೀರು ಕುಡಿದು ಉಬ್ಬಿದೆ, ಸೀಟ್ ಬೆಲ್ಟಿನ ಸುಳಿವೇ ಇಲ್ಲ.

ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಓಡಾಟ ನಿಲ್ಲಿಸಿದ ಒಂದು ಹಳೆಯ ಮಾರುತಿ 800 ತಂದು, ಅದರ ಸೀಟುಗಳನ್ನು ಪದ್ಮಿನಿಗೆ ಕೂರಿಸುವುದು. ಬಿಡಿ ಸೀಟು ಬೇಡ, ಇಡೀ ಗಾಡಿಯನ್ನೇ ತೆಗೆದುಕೊಳ್ಳಿ. ಅದರಿಂದ ಏನೇ ತೆಗೆದರೂ ಅದನ್ನು ಹಿಡಿದಿಟ್ಟಿದ್ದೆಲ್ಲವನ್ನೂ ಸಮೇತ ತೆಗೆಯಿರಿ. ಸೀಟೆಂದರೆ ಅದು ಹಿಂದೆ ಮುಂದೆ ಜಾರುವ ಚಾನೆಲ್ ಸಮೇತ, ಚಾನೆಲ್ ಎಂದರೆ ಬೋಲ್ಟು ಸಮೇತ, ಬೋಲ್ಟೆಂದರೆ ಅದು ಕೂತಿದ್ದ ತಗಡು ಸಮೇತ. ಇವತ್ತು ನಾನು ಹೇಳಬೇಕಾದ್ದು ಇದೊಂದೇ. ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮಾರುತಿ 800 ಯಾಕೆ? ಅದರ ಅಗಲ 1440 ಮಿಲಿಮೀಟರ್. ಪದ್ಮಿನಿಯದು ಸುಮಾರು 1460. ಹಾಗಾಗಿ ಎರಡು ಸೀಟು ಬಾಗಿಲಿಗೆ ಉಜ್ಜದೆ ಕೂರುತ್ತವೆ. ದೊಡ್ಡ ಗಾಡಿಯ ಸೀಟು ನೋಡಲು ಚೆಂದ, ಆದರೆ ಬಾಗಿಲು ಹಾಕಿದ ಮೇಲೆ ಸೀಟು ಹಿಂದಕ್ಕೆ ಮಲಗಿಸುವ ಹಿಡಿಗೆ ಕೈ ಹೋಗುವುದಿಲ್ಲ. ಬೆಂಚು ಸೀಟಿನ ಪದ್ಮಿನಿಯ ಗೇರು ಸ್ಟಿಯರಿಂಗ್ ಕೆಳಗಿರುವುದರಿಂದ ಎರಡು ಸೀಟಿನ ನಡುವೆ ಅದರ ಅಡ್ಡಿಯೂ ಇಲ್ಲ.

ಗಾಡಿ ಕೊಳ್ಳುವಾಗ ಎರಡು ಪರೀಕ್ಷೆ ಮಾಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ಸುರುಳಿಯಲ್ಲಿ ಕೆಸರಿನ ಗೆರೆ ಕಂಡರೆ ಅದು ನೆರೆಯಲ್ಲಿ ಮುಳುಗಿದ ಗಾಡಿ, ಬಿಟ್ಟುಬಿಡಿ. ಆಮೇಲೆ ಸೀಟಿನ ಮೇಲೆ ಕೂತು ಬೆನ್ನಿನಿಂದ ಜೋರಾಗಿ ಒತ್ತಿ. ಒಂದು ಬದಿ ಮಾತ್ರ ಹಿಂದಕ್ಕೆ ಬಾಗಿದರೆ ಅಪಘಾತದಲ್ಲಿ ಚೌಕಟ್ಟು ತಿರುಚಿರಬಹುದು ಎಂದು ತಿಳಿಯಿರಿ.

ಇನ್ನು 'ಸಮೇತ' ಅನ್ನೋದಕ್ಕೆ ನಾನು ಇಷ್ಟು ಒತ್ತು ಕೊಡುವುದೇಕೆ ಎನ್ನುವುದಕ್ಕೆ ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರ ಪದ್ಮಿನಿಯ ಕತೆ ಕೇಳಿ. ಮೇಷ್ಟ್ರು ಗುಜರಿಯಿಂದ ಎರಡು ಬಿಡಿ ಸೀಟು ತಂದರು. ಒಂದಕ್ಕೆ ಚಾನೆಲ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಬೋಲ್ಟು ಎರಡಕ್ಕೂ ಇರಲಿಲ್ಲ. ಸೀಟು ಕೂರಿಸಿದವರು ಕೆಳಗೆ ಎರಡಿಂಚಿನ ಮರದ ತುಂಡು ಇಟ್ಟು, ಪದ್ಮಿನಿಯ ನೆಲಕ್ಕೆ ಹೊಸದಾಗಿ ಎಂಟು ತೂತು ಕೊರೆದು, ಉದ್ದ ಬೋಲ್ಟು ಹಾಕಿ ಬಿಗಿದರು. ಮೇಷ್ಟ್ರು ಕೂತರೆ ತಲೆ ಚಾವಣಿಗೆ ತಾಗಿತು, ತೊಡೆ ಸ್ಟಿಯರಿಂಗಿಗೆ ತಾಗಿತು. ಸರಿ, ಅದನ್ನೂ ಸಹಿಸಿಕೊಂಡರು. ಮಳೆಗಾಲ ಬಂತು. ಮರ ನೀರು ಹೀರಿ ಉಬ್ಬಿತು, ಬೇಸಿಗೆಯಲ್ಲಿ ಒಣಗಿ ಕುಗ್ಗಿತು, ಬೋಲ್ಟು ಸಡಿಲವಾಯಿತು. ಬ್ರೇಕ್ ಒತ್ತಿದಾಗಲೆಲ್ಲ ಸೀಟು ಟಕ್ ಎಂದು ಮುಂದಕ್ಕೆ ಬರತೊಡಗಿತು. ಪದ್ಮಿನಿಗೆ ಚಾಸಿ, ಅಂದರೆ ಭಾರ ಹೊರುವ ಅಡಿಗಟ್ಟು, ಬೇರೆ ಇಲ್ಲ, ಬಾಡಿಯೇ ಚಾಸಿ. ನೆಲ ತೆಳು ತಗಡು. ಆ ತಗಡಿನಲ್ಲಿ ನಾಣ್ಯದಗಲದ ವಾಷರ್ ಒಂದೇ ಇಡೀ ಸೀಟನ್ನೂ ಮೇಷ್ಟ್ರ ಭಾರವನ್ನೂ ಹೊತ್ತಿತ್ತು. ಗಾಡಿಯನ್ನು ಎತ್ತಿ ನೋಡಿದರೆ ಎಂಟರಲ್ಲಿ ಮೂರು ತೂತು ಹರಿದು ಮೊಟ್ಟೆಯಾಕಾರ ಆಗಿದ್ದವು. ಒಂದು ಬೋಲ್ಟಿನ ತುದಿ ಬ್ರೇಕ್ ಪೈಪಿಗೆ ಬೆರಳಗಲದ ಅಂತರದಲ್ಲಿತ್ತು.

ಆಮೇಲೆ ಮಾಡಿದ ಕೆಲಸವನ್ನು ದಯವಿಟ್ಟು ಬರೆದುಕೊಳ್ಳಿ. ಎಂಜಿನ್ ಸತ್ತಿದ್ದ ಒಂದು 800 ಗಾಡಿಯನ್ನು ಇಡಿಯಾಗಿ ತಂದರು. ಸೀಟಿನ ಬೋಲ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟರು. ಸೀಟು ಬಿಚ್ಚಿದ ಮೇಲೆ, ನೆಲದ ಮೇಲೆ ಸೀಟು ಕೂರುವ ಉಬ್ಬು ತಗಡುಗಳನ್ನು ಸುತ್ತ ಒಂದಿಂಚು ಬಿಟ್ಟು ಗ್ರೈಂಡರಿನಲ್ಲಿ ಕತ್ತರಿಸಿಕೊಂಡರು. ಆ ಸೀಟಿಗೆ ಸರಿಯಾದ ಎತ್ತರ, ಓರೆ, ನಟ್ಟು ಎಲ್ಲ ಆ ತುಂಡಿನಲ್ಲೇ ಇರುತ್ತದೆ. ಗುಜರಿಯಲ್ಲಿ ಬಿಡಿ ಸೀಟು ತಂದವರಿಗೆ ಇದು ಸಿಗುವುದಿಲ್ಲ.

25 ಮಿಲಿಮೀಟರಿನ ಚೌಕ ಪೈಪು, 2 ಮಿಲಿಮೀಟರ್ ದಪ್ಪದ್ದು, ತಂದು ಒಂದು ಚೌಕಟ್ಟು ಕಟ್ಟಿದರು. ಚೌಕಟ್ಟಿನ ಕೆಳಭಾಗ ಪದ್ಮಿನಿಯ ಹಳೆಯ ಬೆಂಚಿನ ತೂತುಗಳಿಗೇ ಬೋಲ್ಟಾಗುತ್ತದೆ. ಮೇಲ್ಭಾಗಕ್ಕೆ ಮಾರುತಿಯ ಆ ತಗಡುಗಳನ್ನು ಎತ್ತರ ನೋಡಿ ತಗ್ಗಿಸಿ ಬೆಸುಗೆ ಹಾಕುತ್ತಾರೆ. ಬೆಸುಗೆ ಚೌಕಟ್ಟಿಗೆ ಮಾತ್ರ, ಗಾಡಿಯ ನೆಲಕ್ಕಲ್ಲ. ನೆಲದಡಿ ಪ್ರತಿ ಬೋಲ್ಟಿಗೂ ವಾಷರ್ ಬದಲು ಅಂಗೈಯಗಲದ, 3 ಮಿಲಿಮೀಟರ್ ದಪ್ಪದ ಪಟ್ಟಿ. ಹರಿದ ತೂತುಗಳನ್ನು ಟಿಂಕರಿಂಗ್‌ನವರು ಮುಚ್ಚಿದರು. ಎತ್ತರ ಹೇಗೆ ಗೊತ್ತುಮಾಡಿದರು? ಹಳೆಯ ಬೆಂಚಿನಲ್ಲಿ ಮೇಷ್ಟ್ರನ್ನೇ ಕೂರಿಸಿ, ಕುಷನ್ ಒತ್ತಿಕೊಂಡ ಮೇಲೆ ನೆಲದಿಂದ ಅಳೆದರು. ಖಾಲಿ ಸೀಟು ಅಳೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ಹಳೆಯ ಸ್ಪ್ರಿಂಗು ಹೊಸ ಫೋಮಿಗಿಂತ ಹೆಚ್ಚು ಕುಸಿಯುತ್ತದೆ. ತಲೆಗೂ ಚಾವಣಿಗೂ ನಾಲ್ಕು ಬೆರಳು ಬಿಡಿ. ಮಾರುತಿಯ ಹಳೆಯ ಫೋಮು ಪುಡಿಯಾಗಿದ್ದರೆ ಕಬ್ಬಿಣ ಉಳಿಸಿಕೊಂಡು 40 ಡೆನ್ಸಿಟಿ ಫೋಮು ಹಾಕಿಸಿ, ಮೇಲೆ ಪದ್ಮಿನಿಯ ಮೂಲ ಹೊಲಿಗೆಯ ಗೆರೆಯಲ್ಲೇ ರೆಕ್ಸಿನ್ ಹೊಲಿಸಿ.

ಹಳೆಯ ಬೆಂಚನ್ನು ಮಾರಬೇಡಿ. ಚೌಕಟ್ಟಿನ ಬೋಲ್ಟು ಬಿಚ್ಚಿದರೆ ಬೆಂಚು ಮತ್ತೆ ಅದೇ ತೂತಿಗೆ ಕೂರಬೇಕು. 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕೆಂದು 2021ರ ನಿಯಮ ಹೇಳುತ್ತದೆ. ಬಾಡಿ ಕೊಯ್ದವರು ಆಮೇಲೆ ಪರಿತಪಿಸುತ್ತಾರೆ.

ಕತೆ ಉದ್ದವಾಯಿತು, ಆದರೂ ಬೆಲ್ಟಿನ ವಿಷಯ ಬಿಡುವ ಹಾಗಿಲ್ಲ. ಬೆಲ್ಟಿನ ಸುರುಳಿಯೊಳಗೆ ಸಾಮಾನ್ಯವಾಗಿ ಒಂದು ಉಕ್ಕಿನ ಗುಂಡು ಇರುತ್ತದೆ. ಗಾಡಿ ಧಕ್ಕೆಂದು ನಿಂತಾಗ ಆ ಗುಂಡು ಉರುಳಿ ಬೆಲ್ಟನ್ನು ಹಿಡಿಯುತ್ತದೆ. ಸುರುಳಿಯನ್ನು ಓರೆಯಾಗಿ ಕೂರಿಸಿದರೆ ಗುಂಡು ಮೊದಲೇ ಉರುಳಿರುತ್ತದೆ, ಬೆಲ್ಟು ಹೊರಗೆ ಬರುವುದೇ ಇಲ್ಲ. ಜನ ಅದನ್ನು ಕೆಟ್ಟ ಬೆಲ್ಟು ಎಂದು ಎಸೆಯುತ್ತಾರೆ! ಕೆಟ್ಟಿಲ್ಲ, ಓರೆಯಾಗಿದೆ ಅಷ್ಟೆ. ಹಾಗಾಗಿ ಮಾರುತಿಯಿಂದ ಬಿಚ್ಚುವ ಮೊದಲು, ಗಾರೆಯವರು ಗೋಡೆಗೆ ಬಿಡುವ ಹಾಗೆ ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು, ಸುರುಳಿ ಯಾವ ಓರೆಯಲ್ಲಿದೆ ಎಂದು ಫೋಟೊ ತೆಗೆದುಕೊಳ್ಳಿ. ಪದ್ಮಿನಿಯಲ್ಲೂ ಅದೇ ಓರೆ ಬರಬೇಕು.

ಬೋಲ್ಟೂ ಅದರದ್ದೇ ಇರಲಿ. ಗಾಡಿಯಲ್ಲೆಲ್ಲ ಮಿಲಿಮೀಟರ್ ಬೋಲ್ಟಿದ್ದರೂ ಬೆಲ್ಟಿಗೆ ಮಾತ್ರ ಸಾಮಾನ್ಯವಾಗಿ ಇಂಚಿನದು, ಏಳು ಭಾಗಿಸು ಹದಿನಾರು ಇಂಚು, ಇಂಚಿಗೆ ತಿರುಪಿನ 20 ಎಳೆ. ಅಂಗಡಿಯ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ನಟ್ಟಿನ ಎಳೆ ಸವೆಯುತ್ತದೆ. ಮಾರುತಿಯ ಎರಡು ಬಾಗಿಲ ನಡುವಿನ ಕಂಬದಲ್ಲಿ ಆ ನಟ್ಟು ಕೂತಿರುವ ದಪ್ಪ ತಗಡನ್ನೂ ಕತ್ತರಿಸಿಕೊಳ್ಳಿ. ಪದ್ಮಿನಿಯ ನಡುಗಂಬದೊಳಗೆ ಅದನ್ನು ಬೆಸುಗೆ ಹಾಕಬೇಕಾಗುತ್ತದೆ. ಬಾಡಿಗೆ ಬೆಸುಗೆ ಬೇಕಾಗುವ ಜಾಗ ಅದೊಂದೇ. ಅದನ್ನು ಒಳ್ಳೆಯ ಕೈಯಿಂದಲೇ ಮಾಡಿಸಿ. ಅಪಘಾತವಾದ ಗಾಡಿಯ ಬೆಲ್ಟಿನ ಪಟ್ಟಿ, ಅಂಚು ಪಿಸಿದ ಪಟ್ಟಿ ಬೇಡವೇ ಬೇಡ. ಬೆಲ್ಟು 800ರದ್ದೇ ಹೊಸದು ಕೊಳ್ಳಿ, ಆಗ ಫೋಟೊದ ಓರೆ ಅದಕ್ಕೂ ಹೊಂದುತ್ತದೆ. ನಟ್ಟು ಬೋಲ್ಟು ಹಳೆಯ ಗಾಡಿಯದೇ ಇರಲಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಒಳದೀಪ, ಸ್ವಿಚ್ಚು, ಏನೇ ವಿದ್ಯುತ್ತಿನದು ತೆಗೆದರೂ ಕನೆಕ್ಟರನ್ನು ಒಂದು ಗೇಣು ತಂತಿ ಸಮೇತ ಕತ್ತರಿಸಿ, ಎರಡೂ ಕಡೆಯದು. ತಂತಿಯಿಲ್ಲದ ಕನೆಕ್ಟರ್ ಬರೀ ಪ್ಲಾಸ್ಟಿಕ್. ಕರೆಂಟು ಕಡಿಮೆ ಹುಟ್ಟಿಸುವ ಡೈನಮೊ ಇರುವ ಹಳೆಯ ಗಾಡಿಗೆ ಪವರ್ ವಿಂಡೊ ಆಸೆ ಬೇಡ, ರಾತ್ರಿ ಹೆಡ್‌ಲೈಟ್ ಮಂಕಾಗುತ್ತದೆ.

ಮೀಟರ್ ಬೋರ್ಡು ಬದಲಿಸಬೇಡಿ. ಪೆಟ್ರೋಲ್ ಮುಳ್ಳು ತನ್ನ ಟ್ಯಾಂಕಿನ ತೇಲುಗುಂಡಿನ ಜೊತೆಗೆ ಮಾತ್ರ ಸರಿ ತೋರಿಸುತ್ತದೆ. ವೇಗದ ಮುಳ್ಳೂ ಹಾಗೇ, ಅದರ ಲೆಕ್ಕ ಗೇರ್‌ಬಾಕ್ಸಿನಲ್ಲಿದೆ.

ಡೋರ್ ಪ್ಯಾಡನ್ನು ಹಳೆಯದರ ಅಳತೆಗೆ 3 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಮಾಡಿಸಿ, ಮಾರುತಿಯ ಕ್ಲಿಪ್ಪು ಹೊಂದಿಸಿ. ಪ್ಯಾಡಿನ ಹಿಂದೆ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಲೇಬೇಕು. ಮಳೆನೀರು ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವುದು ಸಹಜ. ಹಾಳೆ ಇಲ್ಲದಿದ್ದರೆ ಮೊದಲ ಮಳೆಗೇ ಪ್ಯಾಡು ಉಬ್ಬುತ್ತದೆ. ಮುಂದಿನ ಗಾಜಿನ ರಬ್ಬರು ಸೋರುತ್ತಿದ್ದರೆ ಕಾರ್ಪೆಟ್ಟು ಹಾಸಲೇಬೇಡಿ, ಅದು ನೀರು ಹಿಡಿದು ನೆಲ ತಿನ್ನುತ್ತದೆ.

ಕೊನೆಗೆ ಕಾಗದಪತ್ರ. ಬಿಚ್ಚಿದ ಮಾರುತಿ ಇನ್ನು ರಸ್ತೆಗೆ ಬರುವುದಿಲ್ಲವೆಂದು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ಪತ್ರ, ಅಂದರೆ ಆರ್‌ಸಿ, ಒಪ್ಪಿಸಬೇಕು, ಮೋಟಾರು ವಾಹನ ಕಾಯ್ದೆಯ 55ನೇ ಕಲಂ. ಬೆಂಚಿನ ಬದಲು ಎರಡು ಸೀಟು ಬರುವುದರಿಂದ, ಪದ್ಮಿನಿಯ ಆರ್‌ಸಿಯಲ್ಲಿ ಎಷ್ಟು ಸೀಟು ಎಂದಿದೆ, ಅದನ್ನೂ ಕೆಲಸಕ್ಕೆ ಮೊದಲೇ ನೋಡಿಕೊಳ್ಳಿ. ಖಾಲಿ ಬಾಡಿಯನ್ನು ಗುಜರಿಗೆ ಕಳಿಸಬಹುದು. ಬೋಲ್ಟು, ಕ್ಲಿಪ್ಪು ತುಂಬಿದ ಡಬ್ಬಿ ಮಾತ್ರ ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಶೆಡ್ಡಿನಲ್ಲೇ ಇರಲಿ. ನಮಸ್ಕಾರ.