ಬಾಯಿ ತೆರೆದು ಮಲಗುವ ಕಂದ

ಕೇಳುಗರೆ, ನಮಸ್ಕಾರ.

ಮೊನ್ನೆ ಒಬ್ಬ ಅಜ್ಜಿ ಎರಡು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದರು. "ರಾತ್ರಿಯೆಲ್ಲ ಬಾಯಿ ತೆಕ್ಕೊಂಡೇ ಮಲಗ್ತಾಳೆ ಡಾಕ್ಟ್ರೇ. ಗದ್ದ ಒತ್ತಿ ಮುಚ್ಚಿದ್ರೂ ಮತ್ತೆ ತೆಗೀತಾಳೆ" ಅಂದರು. ಕೂಸು ನನ್ನ ಮುಂದೆಯೂ ಹಾಗೇ ಮಲಗಿತ್ತು. ನಾನು ಹತ್ತಿಯ ಒಂದು ಸಣ್ಣ ಎಳೆಯನ್ನು ಅದರ ಮೂಗಿನ ಹೊಳ್ಳೆಯ ಹತ್ತಿರ ಹಿಡಿದೆ. ಎಳೆ ಅಲುಗಾಡಿತು. ಇನ್ನೊಂದು ಹೊಳ್ಳೆಗೂ ಹಿಡಿದೆ, ಅಲ್ಲೂ ಅಲುಗಾಡಿತು. ಬಾಯಿ ತೆರೆದಿತ್ತು ನಿಜ, ಆದರೆ ಉಸಿರು ಓಡಾಡುತ್ತಿದ್ದದ್ದು ಮೂಗಿನಲ್ಲೇ. ನಿದ್ದೆಯಲ್ಲಿ ದವಡೆ ಸಡಿಲವಾಗಿತ್ತು, ಅಷ್ಟೆ.

ಮೊದಲ ಮೂರು ನಾಲ್ಕು ತಿಂಗಳು ಮಕ್ಕಳು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುತ್ತವೆ. ಅವುಗಳ ಧ್ವನಿಪೆಟ್ಟಿಗೆ ನಮಗಿಂತ ಮೇಲಿರುತ್ತದೆ, ಅಂಗುಳಿನ ಹತ್ತಿರ. ಅದಕ್ಕೇ ಮೊಲೆ ಬಿಡದೆ ಹಾಲು ಚೀಪುತ್ತಾ ಉಸಿರನ್ನೂ ಎಳೆಯುತ್ತವೆ. ನಾವು ನೀವು ಹಾಗೆ ಮಾಡಲು ಹೋದರೆ ನೆತ್ತಿಗೆ ಹತ್ತುತ್ತದೆ! ಮೂಗು ಕಟ್ಟಿದರೆ ಕೂಸಿನ ಮೊದಲ ತಕರಾರು ನಿದ್ದೆಯಲ್ಲಲ್ಲ, ಹಾಲಿನಲ್ಲಿ. ಎರಡು ಸಲ ಚೀಪಿ, ಬಿಟ್ಟು, ಅಳುತ್ತದೆ. ತಾಯಿಗೆ ಹಾಲೇ ಸಾಲದು ಅಂತ ಮನೆಯವರು ಅಂದುಕೊಳ್ಳುತ್ತಾರೆ, ಪಾಪ.

ಮೂಗು ಯಾಕೆ ಕಟ್ಟುತ್ತದೆ? ನೆಗಡಿಯಿಂದ, ಒಣಗಿದ ಸಿಂಬಳದಿಂದ. ನಮ್ಮ ಕಡೆ ಇನ್ನೊಂದಿದೆ: ನೀರು ಹಾಕಿದ ಮೇಲೆ ಹಿಡಿಯುವ ಸಾಂಬ್ರಾಣಿ ಹೊಗೆ. ವಾಸನೆ ನನಗೂ ಇಷ್ಟ. ಆದರೆ ಆ ಪುಟ್ಟ ಮೂಗಿಗೆ ಹೊಗೆ ಹೊಗೆಯೇ. ಮೂಗಿಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ನ್ಯುಮೋನಿಯಾ ಆಗಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಹನಿ, ಅಂದರೆ ಮೂಗಿಗೆ ಬಿಡುವ ಉಪ್ಪುನೀರಿನ ಹನಿ, ಹಾಲು ಕೊಡುವ ಮುಂಚೆ ಒಂದೊಂದು ಹೊಳ್ಳೆಗೆ ಒಂದೆರಡು ಹನಿ ಸಾಕು. ಅಜ್ಜಿಗೆ ಇದನ್ನು ಹೇಳಿದೆ. "ಎಣ್ಣೆ ಹಾಕೋದು ನಿಲ್ಲಿಸ್ತೀನಿ, ಸಾಂಬ್ರಾಣಿ ಮಾತ್ರ ನಿಲ್ಲಿಸಲ್ಲ" ಅಂತ ಚೌಕಾಸಿ ಮಾಡಿದರು. ಕೊನೆಗೆ ಹೊಗೆ ದೇವರ ಮನೆಯಲ್ಲಿ ಮಾತ್ರ ಅಂತ ತೀರ್ಮಾನವಾಯಿತು.

ಇನ್ನು ಹೆದರಬೇಕಾದದ್ದು. ಕೂಸು ಶಾಂತವಾಗಿದ್ದಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60 ಅಥವಾ ಜಾಸ್ತಿ, ಅಲ್ಲಿಂದ ಒಂದು ವರ್ಷದವರೆಗೆ 50 ಅಥವಾ ಜಾಸ್ತಿ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯಲು ಆಗದಿದ್ದರೆ ಎಣಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಎಳೆಗೂಸು ನಡುವೆ ಐದು ಹತ್ತು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಶುರು ಮಾಡುವುದುಂಟು. ಬಣ್ಣ ಬದಲಾಗದಿದ್ದರೆ ಅದು ಸಹಜ.

ಎರಡು ವರ್ಷ ದಾಟಿದ ಮಕ್ಕಳ ಕಥೆ ಬೇರೆ. ನೆಗಡಿಯಿಲ್ಲದಿದ್ದರೂ ದಿನಾ ಬಾಯಲ್ಲೇ ಉಸಿರು, ಗೊರಕೆ, ಬೆವರು, ಹೊರಳಾಟ. ಇದಕ್ಕೆ ಹಲವು ಸಲ ಕಾರಣ ಅಡಿನಾಯ್ಡ್. ಮೂಗಿನ ಹಿಂದೆ ಇರುವ ಗ್ರಂಥಿಯಂಥ ಮಾಂಸ ಅದು. ಬಾಯಿ ತೆರೆದು ಟಾರ್ಚ್ ಬಿಟ್ಟರೆ ಕಾಣುವುದಿಲ್ಲ. 1868ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ವಿಲ್ಹೆಲ್ಮ್ ಮೇಯರ್ ಇದರ ಬಗ್ಗೆ ವಿವರವಾಗಿ ಬರೆದರು. ಅದು ದೊಡ್ಡದಾಗಿ ವರ್ಷಗಟ್ಟಲೆ ಹಾಗೇ ಬಿಟ್ಟರೆ ಹಲ್ಲಿನ ಸಾಲು, ಮುಖದ ಆಕಾರವೂ ಬದಲಾಗಬಹುದು.

ಅಂಥ ಮಗುವನ್ನು ಕರೆತರುವಾಗ ಹಿಂದಿನ ರಾತ್ರಿಯ ಗೊರಕೆಯನ್ನು ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ ತನ್ನಿ. ಹಗಲಲ್ಲಿ ನಮ್ಮ ಮುಂದೆ ಅವು ಗೊರಕೆ ಹೊಡೆಯುವುದಿಲ್ಲ ನೋಡಿ, ಮೇಜಿನ ಮೇಲಿನ ಸ್ಟೆತಸ್ಕೋಪ್ ಎಳೆಯುತ್ತಿರುತ್ತವೆ.

ನಮಸ್ಕಾರ.