ಒಂದೇ ನಳ, ಎರಡು ಮನೆ

ಎಲ್ಲರಿಗೂ ಶರಣು.

ಕಲಬುರಗಿಯಲ್ಲಿ ನಾವು ‘ನೀರು ಬಂತು’ ಅನ್ನುವುದಿಲ್ಲ, ‘ನಳ ಬಂತು’ ಅನ್ನುತ್ತೇವೆ. ಆ ಕೂಗು ಎದ್ದರೆ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಕೊಡ ಹಿಡಿದು ಓಡುತ್ತೇವೆ. ಆ ಕೂಗಿನ ನಂತರದ ಎರಡು ಗಂಟೆಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಒಂದು ಓಣಿಯ ಎರಡು ಮನೆ ತಗೊಳ್ಳಿ. ಎರಡಕ್ಕೂ ನಳ ಇದೆ. ಒಂದೇ ಪೈಪು, ಒಂದೇ ಹೊತ್ತು. ಮೊದಲ ಮನೆಯ ಅಂಗಳದಲ್ಲಿ ಐದು ಸಾವಿರ ಲೀಟರಿನ ಸಂಪು ಇದೆ, ಬಾಯಿಗೆ ಶಹಾಬಾದ್ ಫರಸಿ ಕಲ್ಲು ಮುಚ್ಚಿದ್ದಾರೆ. ಎರಡನೆಯದು ಒಂದೇ ಕೋಣೆಯ ಬಾಡಿಗೆ ಮನೆ. ಬಾಗಿಲ ಪಕ್ಕ ಒಂದು ನೀಲಿ ಡ್ರಮ್ಮು, ಒಳಗೆ ಎಂಟು ಕೊಡ. ಅಷ್ಟೇ ಜಾಗ.

ಲೆಕ್ಕ ಹಾಕೋಣ. ಡ್ರಮ್ಮಿಗೆ 200 ಲೀಟರ್, ಕೊಡಕ್ಕೆ 15ರಂತೆ 120, ಒಟ್ಟು 320. ಎರಡೂ ಮನೆಯಲ್ಲಿ ಐದೈದು ಜನ, ನಳ ಬರುವುದು ನಾಲ್ಕು ದಿನಕ್ಕೊಮ್ಮೆ ಅಂದುಕೊಳ್ಳಿ. ಕೊಡದ ಮನೆಯಲ್ಲಿ ತಲೆಗೆ ದಿನಕ್ಕೆ 16 ಲೀಟರ್. ಸಂಪಿನ ಮನೆಯಲ್ಲಿ 250. ಒಳಚರಂಡಿ ಇರುವ ನಗರದಲ್ಲಿ ತಲೆಗೆ 135 ಲೀಟರ್ ಕೊಡಬೇಕು ಅನ್ನುವುದು ಕೇಂದ್ರದ ಮಾನದಂಡ. ಒಂದು ಮನೆ ಅದರ ಹತ್ತಿರಕ್ಕೂ ಬರಲಿಲ್ಲ, ಇನ್ನೊಂದು ದಾಟಿ ಹೋಯಿತು. ಆದರೆ ಸರ್ಕಾರದ ಪುಸ್ತಕದಲ್ಲಿ ಇಬ್ಬರೂ ‘ನಳ ಸಂಪರ್ಕ ಇರುವವರು’. ಇಬ್ಬರೂ ಸಮ!

ನೀರು ಎಷ್ಟು ಬಂತು ಅನ್ನುವುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಬಂತು ಅನ್ನುವುದೇ ಬಡವರಿಗೆ ದೊಡ್ಡ ಪ್ರಶ್ನೆ. ನಾನು ಹೇಳಬೇಕಾದ ಮಾತು ಇದೇ. ಅದೇ ನಳ ದಿನ ಬಿಟ್ಟು ದಿನ ಬಂದರೆ ಆ ಎಂಟು ಕೊಡ, ಆ ಡ್ರಮ್ಮಿನಲ್ಲೇ ತಲೆಗೆ 32 ಲೀಟರ್ ಆಗುತ್ತದೆ. ದಿನಾ ಬಂದರೆ 64. ಸಂಪಿನವರಿಗೆ ಇದರಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಕೊಡದವರಿಗೆ ಬದುಕೇ ಬದಲಾಗುತ್ತದೆ.

ಇನ್ನು ಮೋಟರ್. ಪೈಪಿಗೇ ಮೋಟರ್ ಹಚ್ಚಿದರೆ ಒತ್ತಡ ಅತ್ತ ಹೋಗುತ್ತದೆ. ಓಣಿಯ ಕೊನೆಯ ನಳದಲ್ಲಿ ದಾರದಷ್ಟು ನೀರು. ನಮ್ಮ ಪಕ್ಕದ ಅಕ್ಕ ಒಬ್ಬರು ನಳದ ಕೆಳಗೆ ಸ್ಟೀಲ್ ತಾಟು ಬೋರಲು ಹಾಕಿ ಮಲಗುತ್ತಿದ್ದರು. ರಾತ್ರಿ ಎರಡಕ್ಕೋ ಮೂರಕ್ಕೋ ಮೊದಲ ಹನಿ ತಾಟಿಗೆ ಬಿದ್ದರೆ ಟಣ್ ಅಂತ ಸದ್ದು, ಅವರಿಗೆ ಎಚ್ಚರ. ಬೆಳಿಗ್ಗೆ ಕೂಲಿಗೆ ಹೋಗಬೇಕು. ಎಷ್ಟೋ ಸಲ ರಾತ್ರಿಯಿಡೀ ಕಾದು, ಹಗಲೂ ಕಾದು, ಕೂಲಿ ಬಿಡುತ್ತಿದ್ದರು. ಆ ಬಿಟ್ಟ ಕೂಲಿಯನ್ನು ನೀರಿನ ಬೆಲೆಗೆ ಸೇರಿಸಿದವರು ಯಾರೂ ಇಲ್ಲ.

ಬೋರ್ ನೀರಿದೆಯಲ್ಲ ಅನ್ನಬಹುದು. ನಮ್ಮ ಕಡೆ ಎಷ್ಟೋ ಬೋರಿನ ನೀರು ಸವಳು. ತೊಗರಿಯ ನಾಡು ನಮ್ಮದು, ಆದರೆ ಸವಳು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಗ್ಯಾಸ್ ಸುಮ್ನೆ ಉರಿಯುತ್ತದೆ. ಹಾಗಾಗಿ ಬಳಸುವ ನೀರು ಬೇರೆ, ಕುಡಿಯುವ ನೀರು ಬೇರೆ. ಶುದ್ಧ ನೀರಿನ ಘಟಕದಲ್ಲಿ 20 ಲೀಟರಿನ ಕ್ಯಾನಿಗೆ ಐದು ರೂಪಾಯಿ ನಾಣ್ಯ ಹಾಕಿದರೂ ಸಾವಿರ ಲೀಟರಿಗೆ 250 ರೂಪಾಯಿ ಆಯಿತು. ಮನೆಯ ನಳದ ನೀರಿಗೆ ನಗರಪಾಲಿಕೆ ಇಷ್ಟು ಕೇಳುವುದಿಲ್ಲ. ಇಲ್ಲದವರೇ ಜಾಸ್ತಿ ಕೊಡುತ್ತಿದ್ದಾರೆ, ಅಲ್ವಾ?

ದಿನಾ ನೀರು ಕೊಡುವುದು ಆಗದ ಮಾತು ಅನ್ನುವವರಿಗೆ ನಮ್ಮ ಊರೇ ಉತ್ತರ. ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ಬಡಾವಣೆಗಳಿಗೆ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಬಂತು. ಹೊಸ ಪೈಪು ಹಾಕಿ, ಸೋರಿಕೆ ನಿಲ್ಲಿಸಿ, ಮೀಟರ್ ಕೂರಿಸಿದರು. ಇನ್ನೂ ಒಂದು ಲಾಭ ಇದೆ. ಪೈಪು ಖಾಲಿ ಬಿದ್ದಾಗ ಬಿರುಕಿನಿಂದ ಚರಂಡಿಯ ಕೊಳೆ ಒಳಗೆ ಬರುತ್ತದೆ, ಸದಾ ತುಂಬಿದ್ದರೆ ಒಳಗಿನ ಒತ್ತಡವೇ ಅದನ್ನು ತಡೆಯುತ್ತದೆ. ಆದರೆ ಆಗ ಈ 24 ಗಂಟೆಯ ನೀರು ಈ ಊರುಗಳ ಸಣ್ಣ ಪಾಲಿಗೆ ಮಾತ್ರ ಸಿಕ್ಕಿತು. ಒಂದು ಓಣಿಗೆ ಸದಾ ನೀರು, ಪಕ್ಕದ ಓಣಿಗೆ ಕಾಯುವ ಕೆಲಸ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ನಮಗೆ ನೀರು ಕೊಡುವ ಭೀಮಾ ನದಿ ಬತ್ತುತ್ತದೆ, ಬೆಣ್ಣೆತೊರಾ ಜಲಾಶಯ ಇಳಿಯುತ್ತದೆ, ನಿಜ. ಬೇಸಿಗೆಯಲ್ಲಿ ನಮ್ಮ ಬಿಸಿಲು 42 ಡಿಗ್ರಿ ದಾಟುತ್ತದೆ. ಆದರೆ ಕೊರತೆ ಬಂದಾಗ ಅದನ್ನು ಹಂಚುವುದು ಹೇಗೆ ಅನ್ನುವುದು ಮನುಷ್ಯರ ಕೈಯಲ್ಲಿದೆ. ನೀರು ಕಡಿಮೆ ಇದ್ದರೆ ಹೊತ್ತು ಕಡಿಮೆ ಮಾಡಲಿ, ದಿನಗಳ ಅಂತರ ಹೆಚ್ಚಿಸುವುದು ಬೇಡ. ನೀರು ಬಿಡುವ ವಾಲ್ವ್ ತಿರುಗಿಸುವ ಹೊತ್ತನ್ನು ಹಿಂದಿನ ದಿನವೇ ಓಣಿಗೆ ತಿಳಿಸಲಿ. ಹಕ್ಕುಪತ್ರ ಇಲ್ಲ, ಬಾಡಿಗೆಯವರು ಅಂತ ನಳ ತಡೆಯುವುದು ನಿಲ್ಲಲಿ. ಸಂಪು ಕಟ್ಟಲು ಜಾಗ ಇಲ್ಲದ ಓಣಿಗೆ ಎಲ್ಲರಿಗೂ ಸೇರಿದ ಒಂದು ಟ್ಯಾಂಕು ಕಟ್ಟಲಿ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮನೆಯ ಕ್ಯಾಲೆಂಡರಿನಲ್ಲಿ ನಳ ಬಂದ ದಿನ, ಬಂದ ಹೊತ್ತು, ನಿಂತ ಹೊತ್ತು ಬರೆಯಿರಿ. ಓಣಿಯ ಕೊನೆಯ ಮನೆಗೂ ಹೋಗಿ, ಅಲ್ಲಿ ಎಷ್ಟು ಕೊಡ ತುಂಬಿದವು ಅಂತ ಕೇಳಿ ಅದನ್ನೂ ಬರೆಯಿರಿ. ಮೂರು ತಿಂಗಳ ಹಾಳೆ ಹಿಡಿದು ನಿಮ್ಮ ವಾರ್ಡಿನ ಸದಸ್ಯರ ಮುಂದೆ ಹೋಗೋಣ. ನಾನೂ ಬರುತ್ತೇನೆ.